ವಿದ್ಯುತ್‌ಸೈಕಲ್ ಸಂಧಿಪ್ರಕರಣ

13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಯನ್ನು ಕೂಲಂಕಷವಾಗಿ ವಿಚಾರಿಸಿದರೂ, ಮಾಮೂಲಿ ಸೈಕಲ್ಲಿಗೆ ಕೂರಿಸುವ ಎಲೆಕ್ಟ್ರಿಕ್ ಕಿಟ್ಟಿನ ವಿಷಯದಲ್ಲಿ ಮೌನ ತಾಳಿದ್ದಾನೆ. ಹಿಂಚಕ್ರದ ಹಬ್ಬಿನಲ್ಲೇ ಮೋಟರ್ ಇರುವ ಸೈಕಲ್ಲಿಗೆ ಆಗ್ಡನ್ ಬೋಲ್ಟನ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದೇ 1895ರಲ್ಲಾದ್ದರಿಂದ ಈ ತಪ್ಪನ್ನು ಕೇಶಿರಾಜನ ತಲೆಗೆ ಕಟ್ಟುವಂತಿಲ್ಲ. ಆಮೇಲಿನ ವೈಯಾಕರಣರಿಗೆ ಮಾತ್ರ ಕ್ಷಮೆಯಿಲ್ಲ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಕಿಟ್ಟಿನ ದೋಷ ಬ್ಯಾಟರಿ, ಕಂಟ್ರೋಲರ್, ಮೋಟರ್ ಎಂಬ ಪದಗಳಲ್ಲಿಲ್ಲ, ಪದ ಪದ ಕೂಡುವ ಕನೆಕ್ಟರಿನಲ್ಲಿದೆ. ಆದಕಾರಣ ರಿಪೇರಿಯು ವ್ಯಾಕರಣದ ಒಂದು ಶಾಖೆ.

ಪ್ರಮಾಣಗಳನ್ನು ನೋಡೋಣ. ಪಿನ್ನೊಂದು ಹಿಂದಕ್ಕೆ ಸರಿದು ಫೇಸ್ ತಂತಿಯ ಸಂಪರ್ಕ ತಪ್ಪಿದರೆ ಅದು ಲೋಪಸಂಧಿ. ಮೋಟರ್ ಗುರುಗುಟ್ಟಿ ನಡುಗುತ್ತದೆ, ಹೊರಡುವುದಿಲ್ಲ. ಎರಡು ಪಿನ್ನುಗಳ ನಡುವೆ ಮಳೆನೀರು ಬಂದು ಸೇರಿದರೆ ಆಗಮಸಂಧಿ. ವ್ಯಾಕರಣದಲ್ಲಿ ಆಗಮಿಸುವುದು ಯಕಾರ ವಕಾರ, ಇಲ್ಲಿ ಕಿಲುಬು. ಹಳದಿ ತಂತಿಯ ಜಾಗಕ್ಕೆ ಹಸಿರು ಬಂದರೆ ಆದೇಶಸಂಧಿ, ಇದು ಬಹು ಗಹನ. ಮೂರು ಫೇಸ್ ತಂತಿಗಳನ್ನೂ ಮೂರು ಹಾಲ್ ಸೆನ್ಸರ್ ತಂತಿಗಳನ್ನೂ ಅದಲುಬದಲು ಮಾಡಿದರೆ ಒಟ್ಟು 36 ಪ್ರಯೋಗಗಳಾಗುತ್ತವೆ. ಸಾಧುಪ್ರಯೋಗಗಳು ಆರೇ, ಆ ಆರರಲ್ಲೂ ಮೂರರಲ್ಲಿ ಚಕ್ರ ಹಿಂದಕ್ಕೆ ತಿರುಗುತ್ತದೆ. ಕನೆಕ್ಟರಿನ ಮೇಲಿನ ಬಾಣಗಳು ಎದುರುಬದುರಾಗಿದ್ದರೂ ಪೂರ್ತಿ ಒತ್ತದೆ ಬಿಟ್ಟದ್ದು ಪ್ರಕೃತಿಭಾವ: ಪದಗಳು ಪಕ್ಕಪಕ್ಕದಲ್ಲಿವೆ, ಸಂಧಿಯಾಗಿಲ್ಲ.

ಇಲ್ಲಿ ಪೂರ್ವಪಕ್ಷಿಗಳು ಏಳುತ್ತಾರೆ. ದೋಷ ಬ್ಯಾಟರಿಯದೇ ಎಂಬುದು ಮೊದಲ ಆಕ್ಷೇಪ. ಪೂರ್ತಿ ಚಾರ್ಜಾದ 36 ವೋಲ್ಟಿನ ಲಿಥಿಯಂ ಬ್ಯಾಟರಿಯ ಬಾಯಲ್ಲಿ ಮೀಟರ್ 42 ತೋರಿಸಿ, ಕಂಟ್ರೋಲರಿನ ಬಾಯಲ್ಲಿ ಸೊನ್ನೆ ತೋರಿಸುವಾಗ ಅಪರಾಧಿ ನಡುವಿನವನೇ ಹೊರತು ಬ್ಯಾಟರಿಯಲ್ಲ. ಆಕ್ಸಲ್ಲೇ ತಿರುಗಿಬಿಟ್ಟರೆ ಅದು ಕಬ್ಬಿಣದ ದೋಷವಲ್ಲವೇ ಎಂಬುದು ಎರಡನೆಯದು. ಅಲ್ಲ, ಟಾರ್ಕ್ ಆರ್ಮ್ ಹಾಕದೆ ಫೋರ್ಕಿಗೂ ಆಕ್ಸಲ್ಲಿಗೂ ಮಾಡಿದ ದುರ್ಬಲ ಸಂಧಿಯದು. ಆಕ್ಸಲ್ ತಿರುಗಿ ತಂತಿಗಳನ್ನು ಹೊಸೆದು ಹರಿದ ಮೇಲೆ ಲೋಪಸಂಧಿ ತಾನಾಗಿ ಸಿದ್ಧಿಸುತ್ತದೆ. ಕಂಟ್ರೋಲರ್ ಸುಟ್ಟಿದ್ದರೆ ಏನೆನ್ನುವಿರಿ ಎಂಬ ಮೂರನೆಯ ಆಕ್ಷೇಪಕ್ಕೆ ಕೊಂಚ ತೂಕವಿದೆ. ಆದರೆ ಅದನ್ನು ಪತ್ತೆಹಚ್ಚುವ ಬಗೆಯೇನು? ಚಕ್ರವನ್ನು ಕೈಯಿಂದ ತಿರುಗಿಸಿದಾಗ ತಡೆತಡೆದು ಬಿಗಿಯಾಗಿ ತಿರುಗಿ, ಫೇಸ್ ತಂತಿಗಳನ್ನು ಕಳಚಿದೊಡನೆ ಹಗುರಾದರೆ ಕಂಟ್ರೋಲರ್ ಒಳಗೆ ಶಾರ್ಟ್ ಆಗಿದೆ. ಅಂದರೆ ಪದದ ದೋಷ ತಿಳಿಯುವುದಕ್ಕೂ ಸಂಧಿಯನ್ನು ಬಿಡಿಸಲೇಬೇಕಾಯಿತು. ಪೂರ್ವಪಕ್ಷಿ ನಮ್ಮ ಸಿದ್ಧಾಂತವನ್ನು ಖಂಡಿಸಲು ಹೊರಟು ಅದಕ್ಕೆ ಉದಾಹರಣೆ ಒದಗಿಸಿದ್ದಾನೆ.

ಆದ್ದರಿಂದ ಹೊಸ ಭಾಗಗಳಿಗೆ ದುಡ್ಡು ಸುರಿಯುವ ಮುನ್ನ ಬ್ಯಾಟರಿ ಆಫ್ ಮಾಡಿ, ಪ್ರತಿ ಸಂಧಿಯನ್ನೂ ಬಿಡಿಸಿ, ಒರೆಸಿ, ಮತ್ತೆ ಕೂಡಿಸತಕ್ಕದ್ದು. ಚಕ್ರ ತಿರುಗಿದರೆ ಸಿದ್ಧಾಂತ ನಿಜವಾಯಿತು. ತಿರುಗದಿದ್ದರೂ ಸುಳ್ಳಾಗಲಿಲ್ಲ, ಬಿಡಿಸದೆ ಬಿಟ್ಟ ಸಂಧಿ ಇನ್ನೊಂದು ಇದೆಯೆಂದಷ್ಟೇ ಅರ್ಥ. ಹ್ಯಾಂಡಲ್ಲಿನ ಬ್ರೇಕ್ ಸ್ವಿಚ್ಚು ಒತ್ತಿಕೊಂಡೇ ಕೂತಿದೆಯೋ ಏನೋ, ಅದನ್ನು ಯಾರೂ ನೋಡಿರುವುದಿಲ್ಲ.