ಸೀತಾಳೆ-ಘಟ-ಮೂಲ ಮೀಮಾಂಸೆ

ಶಾಸ್ತ್ರಗ್ರಂಥವೆಂದರೆ ಅದನ್ನು ಓದಲು ಅಧಿಕಾರಿ ಯಾರೆಂದು ಮೊದಲೇ ಹೇಳಿಬಿಡುವುದು ವಾಡಿಕೆ. ಒಂದಾದರೂ ಆರ್ಕಿಡ್ ಗಿಡವನ್ನು ಕೈಯಾರೆ ಕೊಂದವರೇ ಇದಕ್ಕೆ ಅಧಿಕಾರಿಗಳು. ನಾನು 7 ಕೊಂದಿದ್ದೇನೆ. ಭಾಷ್ಯ ಬರೆಯಲು ಅಷ್ಟು ಸಾಕು.

ಮೊದಲು ಪದವಿಚಾರ. ಗ್ರೀಕರ 'ಆರ್ಕಿಸ್' ಎಂದರೆ ವೃಷಣ. ಅವರ ಕಡೆಯ ಆರ್ಕಿಡ್ಡುಗಳು ನೆಲದವು. ಅಗೆದವರಿಗೆ ಜೋಡಿಗೆಡ್ಡೆ ಕಂಡು ಅದೇ ನೆನಪಾಯಿತು. ನಮ್ಮವರು ಮರದಿಂದ ಇಳಿಬಿದ್ದ ಹೂಗೊಂಚಲು ಕಂಡು ಸೀತೆಯ ಮುಡಿ ನೆನೆದರು, ಸೀತಾಳೆ ದಂಡೆ ಎಂದರು. ಇದೇ ರಿಂಕೋಸ್ಟೈಲಿಸ್ ರೆಟುಸಾ ಅಸ್ಸಾಮಿನಲ್ಲಿ ರಾಜ್ಯಪುಷ್ಪ. ಅಲ್ಲಿನ ಹೆಣ್ಣುಮಕ್ಕಳು ಬಿಹುವಿಗೆ ಮುಡಿಯುತ್ತಾರೆ. ಕೆಳಗೆ ನೋಡಿದವರಿಗೂ ಮೇಲೆ ನೋಡಿದವರಿಗೂ ಇರುವ ವ್ಯತ್ಯಾಸದ ಬಗ್ಗೆ ಭಾಷ್ಯಕಾರ ಮೌನಿ.

ಇನ್ನು ಪೂರ್ವಪಕ್ಷ. ಗಿಡವೆಂದ ಮೇಲೆ ಮಣ್ಣು, ಗೊಬ್ಬರ, ದೊಡ್ಡ ಕುಂಡ, ದಿನಾ ನೀರು. ನನ್ನ ಮೊದಲ 5 ಕೊಲೆಗಳು ಈ ಮತದವು. ಐದನೆಯದನ್ನು ಮಣ್ಣಿನಿಂದೆತ್ತಿದರೆ ಬೇರಿನ ಸಿಪ್ಪೆ ಒದ್ದೆ ಕಾಲುಚೀಲದ ಹಾಗೆ ಬೆರಳಿಗೇ ಜಾರಿ ಬಂತು. ಒಳಗೆ ಉಳಿದದ್ದು ಒಂದು ನೂಲೆಳೆ, ಜುಲೈ ತಿಂಗಳ ಗೋಣಿಚೀಲದ ವಾಸನೆ. ಶಾಸ್ತ್ರದಲ್ಲಿ ಇದಕ್ಕೆ ಮೂಲವ್ಯಾಧಿ ಎನ್ನಬೇಕು. ನನ್ನದೇನೂ ಸಣ್ಣ ಪರಂಪರೆಯಲ್ಲ: 19ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಶ್ರೀಮಂತರು ಹಡಗಿನಲ್ಲಿ ಆರ್ಕಿಡ್ ತರಿಸಿ, ಗಾಳಿಯಾಡದ ಬಿಸಿ ಗಾಜಿನಮನೆಗಳಲ್ಲಿ ಕೂಡಿಹಾಕಿ ರಾಶಿರಾಶಿ ಕೊಂದಿದ್ದಾರೆ.

ಸಿದ್ಧಾಂತ ಹೀಗಿದೆ. ಮರದ ಮೇಲಿನ ಆರ್ಕಿಡ್ಡಿನ ಬೇರಿಗೆ ವೆಲಾಮೆನ್ ಎಂಬ ಹೊದಿಕೆಯುಂಟು, ಸತ್ತ ಜೀವಕೋಶಗಳ ಸ್ಪಂಜು. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೆಳ್ಳಿಬಣ್ಣ. ನೀರು ಬಿದ್ದ ಕೂಡಲೇ ಹೀರಿಕೊಂಡು ಒಳಗಿನ ಹಸಿರನ್ನು ಹೊರಗೆ ತೋರಿಸುತ್ತದೆ. ಬೇರು ಬೆಳ್ಳಗಾದರೆ ನೀರು ಹಾಕಿ, ಹಸಿರಿದ್ದರೆ ಸುಮ್ಮನಿರಿ. ಎರಡನೆಯದೇ ಕಷ್ಟ. ಕುಡಿದ ಬೇರು ಒಣಗಲೂಬೇಕು; ಒಣಗದಿದ್ದರೆ ಉಸಿರಿಲ್ಲದೆ ಕೊಳೆಯುತ್ತದೆ. ಇನ್ನು, ಆರ್ಕಿಡ್ ಮರದ ರಸ ಕದಿಯುವುದಿಲ್ಲ, ಬಂದಳಿಕೆಯಲ್ಲ. ಆದರೂ ನಮ್ಮಲ್ಲಿ ಮರ ಕಪಾತಿಗೆ ಬಂದವರು ಬಂದಳಿಕೆಯೆಂದೇ ಕಿತ್ತೆಸೆಯುತ್ತಾರೆ.

ಕುಂಡದ ವಿಷಯದಲ್ಲಿ ಮೂರು ಮತಗಳು. ಪ್ಲಾಸ್ಟಿಕ್ ಕುಂಡ ದ್ವೈತ: ಬೇರು ಬೇರೆ, ಕುಂಡ ಬೇರೆ, ಎಳೆದರೆ ಬಂದುಬಿಡುತ್ತದೆ. ಪಾರದರ್ಶಕವಾದರೆ ಇನ್ನೂ ಒಳ್ಳೆಯದು, ಫೆಲನಾಪ್ಸಿಸ್ ಎಂಬ ಆರ್ಕಿಡ್ಡಿನ ಬೇರಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಮಣ್ಣಿನ ಕುಂಡ ಅದ್ವೈತ: ಬೇರು ಗೋಡೆಗೆ ಎಷ್ಟು ಅಂಟುತ್ತದೆಂದರೆ ಮುರಿಯದೆ ಬಿಡಿಸಲಾಗದು. ಗೋಡೆಯಿಂದಲೇ ನೀರು ಆರುವುದು ಅದರ ಗುಣ, ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಮಡಿಕೇರಿಯಲ್ಲಿ ಆರುವ ಮೊದಲೇ ಪಾಚಿ ಕಟ್ಟುತ್ತದೆ. ಅದರೊಳಗೆ ತೆಂಗಿನ ಸಿಪ್ಪೆಯನ್ನೂ ತುಂಬಿದ್ದರಿಂದ ಆರನೆಯದು ಹೋಯಿತು. ಇಲ್ಲಿಗೆ ಇದ್ದಿಲು, ಇಟ್ಟಿಗೆ ಚೂರೇ ವಾಸಿ. ಮರದ ಪಟ್ಟಿಗಳ ತೂಗುಬುಟ್ಟಿ ವಿಶಿಷ್ಟಾದ್ವೈತ: ಬೇರು ಅಂಟಿಯೂ ಇರುತ್ತದೆ, ಆಚೆಗೂ ಚಾಚುತ್ತದೆ. ಸೀತಾಳೆಗೆ ಒಪ್ಪುವುದು ಅದೇ.

ಅಳತೆಯನ್ನು ಎಲೆಗಲ್ಲ, ಬೇರಿಗೆ ನೋಡಿ. ಮಗು ಬೆಳೆಯುತ್ತದೆಂದು ಎರಡು ಸೈಜ್ ದೊಡ್ಡ ಯೂನಿಫಾರ್ಮ್ ಹೊಲಿಸುವ ಬುದ್ಧಿ ಇಲ್ಲಿ ನಡೆಯದು. ದೊಡ್ಡ ಕುಂಡದ ನಡುಭಾಗ ಒಣಗುವುದೇ ಇಲ್ಲ. ಕುಂಡ ಬದಲಿಸುವುದು ಹೂ ಮುಗಿದು ಹೊಸ ಬೇರಿನ ಹಸಿರು ತುದಿ ಇಣುಕಿದಾಗ. ಹಿಡಿತ ಹುಡುಕುವುದು ಆ ತುದಿ. ಬಲಿತ ಬೇರು ಹೊಸ ಜಾಗಕ್ಕೆ ಅಂಟುವುದಿಲ್ಲ. ಹೊರಗೆ ಚಾಚಿದ ಬೇರನ್ನು ಶಿಸ್ತಿನ ಹೆಸರಲ್ಲಿ ಒಳಗೆ ತುರುಕಬೇಡಿ. ವೇದಾಂತಿಗಳು ಘಟಾಕಾಶ, ಮಹಾಕಾಶ ಎಂದು ಶತಮಾನಗಟ್ಟಲೆ ಚರ್ಚಿಸಿದರು. ಆರ್ಕಿಡ್ ಬೇರಿಗೆ ಗೊಂದಲವೇ ಇಲ್ಲ: ಅದಕ್ಕೆ ಬೇಕಾದದ್ದು ಆಕಾಶ, ಘಟ ನಮ್ಮ ಚಟ.

ಏಳನೆಯದನ್ನು ಬೆಂಗಳೂರಿನಿಂದ ತಂದ ನೀಲಿ ಪಿಂಗಾಣಿ ಕುಂಡದಲ್ಲಿಟ್ಟಿದ್ದೆ, ತಳಕ್ಕೆ ತೂತಿರಲಿಲ್ಲ. ಎಂಟನೆಯದು ಕಪಾತಿನ ದಿನ ತೋಟದಲ್ಲಿ ಬಿದ್ದಿದ್ದ ಸೀತಾಳೆ. ನಾನು ಕುಂಡ ಹುಡುಕಲು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಹಳೇ ಸೀರೆಯ ಅಂಚು ಹರಿದು ಗಿಡವನ್ನು ಅಂಗಳದ ಹಲಸಿನ ಮರಕ್ಕೆ ಕಟ್ಟಿಬಿಟ್ಟಿದ್ದರು. "ಎಂತ ಮಾರಾಯ, ಮರದ್ದು ಮರಕ್ಕೆ," ಎಂದರು. ಎರಡು ಮಳೆಗಾಲ ಕಳೆದು ಮೇ ಕೊನೆಗೆ ಹೂ ಬಂತು.

ಪಿಂಗಾಣಿ ಕುಂಡದಲ್ಲಿ ಈಗ ಅತ್ತೆ ಕಣಿಲೆ ನೆನೆಹಾಕುತ್ತಾರೆ. ತೊಟ್ಟು ನೀರೂ ಸೋರುವುದಿಲ್ಲ.