ಸಿಯೋಲ್‌ನ ಟ್ಯೂಷನ್ ಮೇಷ್ಟ್ರು

ಮೇಷ್ಟ್ರ ಕೆಲಸಕ್ಕೂ ವಿಮಾನ ಹತ್ತಬೇಕೆಂಬ ಆಸೆಯಿದೆಯೇ? ದಕ್ಷಿಣ ಕೊರಿಯಾದ ಸಿಯೋಲ್‌ಗೆ ಹೋಗಿ. ಅಲ್ಲಿನ ದೇಚಿ-ದೊಂಗ್ ಬಡಾವಣೆಯಲ್ಲಿ ಕತ್ತೆತ್ತಿದರೆ ಸಾಕು, ಮಹಡಿ ಮೇಲೆ ಮಹಡಿ ಟ್ಯೂಷನ್ ಬೋರ್ಡುಗಳೇ. ಇವಕ್ಕೆ ಹಗ್ವಾನ್ ಎನ್ನುತ್ತಾರೆ. ಅಮೆರಿಕದ ಕಾಲೇಜಿಗೆ ಹೊರಟ ಮಕ್ಕಳನ್ನು ಎಸ್‌ಎಟಿ ಪರೀಕ್ಷೆಗೆ ಅಣಿಗೊಳಿಸುವುದು ನಿಮ್ಮ ಉದ್ಯೋಗ.

ಬೇಸಿಗೆಯಲ್ಲಿ ಊರಿಗೆಲ್ಲ ರಜೆ, ಮೇಷ್ಟ್ರಿಗೆ ಸುಗ್ಗಿ. ಅಮೆರಿಕದ ಬೋರ್ಡಿಂಗ್ ಶಾಲೆಯಿಂದ ಬಂದ ಹುಡುಗ ಅಮ್ಮನ ಕೈಯಡುಗೆ ಉಂಡು ಕೈ ತೊಳೆಯುವ ಮೊದಲೇ ನಿಮ್ಮ ಮುಂದೆ ಹಾಜರು. ಒಟ್ಟು ಅಂಕ 1600. ನಮ್ಮಲ್ಲಾದರೆ 1550ಕ್ಕೆ ಬೀದಿಗೆಲ್ಲ ಪೇಡೆ ಹಂಚಿಯೇವು; ಅಲ್ಲಿನ ತಾಯಿ, ‘ಉಳಿದ 50 ಎಲ್ಲಿ?’ ಎಂದು ಮೇಷ್ಟ್ರನ್ನೇ ನಿಲ್ಲಿಸಿ ಕೇಳುತ್ತಾಳೆ.

2023ರಲ್ಲಿ ಅಮೆರಿಕದ ಹೊರಗೆ ಈ ಪರೀಕ್ಷೆ ಕಂಪ್ಯೂಟರಿಗೆ ಬಂತು. ಮಾರುದ್ದದ ಗದ್ಯಭಾಗ ಹೋಗಿ, 150 ಪದ ಮೀರದ ತುಣುಕು, ತುಣುಕಿಗೆ ಒಂದೇ ಪ್ರಶ್ನೆ. ಬದುಕಿದೆಯಾ ಬಡಜೀವವೇ ಎಂದರು ಹುಡುಗರು. ಮೇಷ್ಟ್ರು ಮಾತ್ರ ವರ್ಷಗಟ್ಟಲೆ ಪೇರಿಸಿದ ನೋಟ್ಸನ್ನು ರದ್ದಿಗೆ ಹಾಕಿ ಮತ್ತೆ ಓನಾಮದಿಂದ ಶುರು ಮಾಡಿದರು.

ತಮಾಷೆ ಇನ್ನೂ ಇದೆ. ಸಿಯೋಲ್‌ನಲ್ಲಿ ಹಗ್ವಾನ್‌ಗಳು ರಾತ್ರಿ 10ಕ್ಕೆ ಬಾಗಿಲು ಹಾಕಲೇಬೇಕು. ಕದ್ದುಮುಚ್ಚಿ ಪಾಠ ಮಾಡುವವರನ್ನು ಹಿಡಿದುಕೊಟ್ಟವರಿಗೆ 2009ರಲ್ಲಿ ಸರ್ಕಾರ ಬಹುಮಾನವನ್ನೂ ಇಟ್ಟಿತು. ಮೇಷ್ಟ್ರು ಪಾಠವೇ ಮಾಡುವುದಿಲ್ಲ ಎಂಬ ದೂರು ಕೇಳಿ ಬೆಳೆದ ನಮಗೆ, ಜಾಸ್ತಿ ಪಾಠ ಮಾಡಿದರೆಂಬ ದೂರು ಹೊಸದು.

ಹೊರಡುವವರಿಗೆ ಒಂದೇ ಮಾತು: ಸಂಬಳ ಎಷ್ಟೆಂದು ಆಮೇಲೆ ಕೇಳಿ, ಊಟಕ್ಕೆ ಬಿಡುವು ಎಷ್ಟೆಂದು ಮೊದಲು ಕೇಳಿಕೊಳ್ಳಿ.