ಸೆನೋಟೆಯಲ್ಲಿ ಎಣ್ಣೆಸ್ನಾನ

ನಮ್ಮ ಮನೆಯಲ್ಲಿ ಸದ್ಯಕ್ಕೆ ಎರಡು ಪಕ್ಷಗಳಿವೆ. ಒಂದಕ್ಕೆ 72 ವರ್ಷದ ನನ್ನ ಅಮ್ಮ ಅಧ್ಯಕ್ಷೆ, ಇನ್ನೊಂದಕ್ಕೆ 15 ತುಂಬಿದ ನನ್ನ ಮಗಳು ಚುಕ್ಕಿ. ಮೆಕ್ಸಿಕೊದಿಂದ ವಾಪಸು ಬಂದ ರಾತ್ರಿಯಿಂದ ಇಬ್ಬರ ವ್ಯವಹಾರವೆಲ್ಲ ನನ್ನ ಮುಖಾಂತರ. "ಅವಳಿಗೆ ಇನ್ನೊಂದು ದೋಸೆ ಬೇಕೇನೋ ಕೇಳೇ" ಅಂತ ಅಮ್ಮ. "ಟೆಲ್ ಹರ್, ಎರಡು" ಅಂತ ಇವಳು. ಕೂತಿರುವುದು ಒಂದೇ ಟೇಬಲ್ಲಿನ ಎದುರುಬದುರು. ನಾನು ಮುಖ ಗಂಟಿಕ್ಕಿಕೊಂಡು ಸಂದೇಶ ತಲುಪಿಸುತ್ತೇನೆ, ಆಮೇಲೆ ಲಾಂಡ್ರಿ ರೂಮಿಗೆ ಹೋಗಿ ಡ್ರೈಯರ್ ಸದ್ದಿನ ಮರೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕು ಬರುತ್ತೇನೆ.

ಜಗಳದ ಮೂಲ ಕೊಬ್ಬರಿ ಎಣ್ಣೆ.

ಡಿಸೆಂಬರ್ ರಜೆಗೆ ಡಲ್ಲಾಸಿನ ಚಳಿ ಬಿಟ್ಟು ಯುಕಟಾನಿಗೆ ಹೋಗೋಣ, ಸೆನೋಟೆ ನೋಡೋಣ ಅಂತ ಹಟ ಹಿಡಿದವಳೇ ಚುಕ್ಕಿ. ಅಲ್ಲಿನ ನೆಲವೆಲ್ಲ ಸುಣ್ಣಕಲ್ಲು. ಮಳೆನೀರು ಅದನ್ನು ಕರಗಿಸಿ ಒಳಗೆ ಗವಿ ಕೊರೆಯುತ್ತದೆ, ಒಂದು ದಿನ ಚಾವಣಿ ಕುಸಿದು ಒಳಗಿನ ನೀರು ಬೆಳಕು ಕಾಣುತ್ತದೆ. ಅಂಥ ಹೊಂಡವೇ ಸೆನೋಟೆ. ಮಗಳು ಶಾಲೆಯ ಪರಿಸರ ಕ್ಲಬ್ಬಿನ ಕಾರ್ಯದರ್ಶಿ. ವಿಮಾನ ಹತ್ತುವ ಮೊದಲೇ ನಮ್ಮೆಲ್ಲರ ಬ್ಯಾಗು ತಡಕಿದಳು. ಅವಳಪ್ಪನ ಸನ್‌ಸ್ಕ್ರೀನು, ನನ್ನ ಸೊಳ್ಳೆ ಕ್ರೀಮು, ತಾತನ ಅಮೃತಾಂಜನ, ಎಲ್ಲ ಜಪ್ತಿ. "ಮೈಗೆ ಏನೂ ಹಚ್ಚಿಕೊಂಡು ನೀರಿಗೆ ಇಳಿಯೋ ಹಾಗಿಲ್ಲ. ಆ ನೀರನ್ನೇ ಅಲ್ಲಿನ ಜನ ಕುಡಿಯೋದು" ಅಂತ ಭಾಷಣ ಬೇರೆ. ಅಮ್ಮನನ್ನು ಕೇಳಿದಾಗ ಅಮ್ಮ, "ನಾನ್ಯಾಕೆ ಹಚ್ಕೊಳ್ಳಲಮ್ಮ, ಈ ವಯಸ್ಸಲ್ಲಿ" ಅಂದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತಾನು ಹಚ್ಚಿಕೊಳ್ಳುವುದಿಲ್ಲ ಅಂದಳೇ ಹೊರತು ಬೇರೆಯವರಿಗೆ ಹಚ್ಚುವುದಿಲ್ಲ ಅನ್ನಲಿಲ್ಲವಲ್ಲ.

ಅಮ್ಮನ ಸಿದ್ಧಾಂತ ಸರಳ. ಗೊತ್ತಿಲ್ಲದ ನೀರಿಗೆ ತಲೆ ಕೊಡುವ ಮೊದಲು ನೆತ್ತಿಗೆ ಎಣ್ಣೆ ಬೀಳಬೇಕು, ಇಲ್ಲದಿದ್ದರೆ ಶೀತ ಕಟ್ಟಿಟ್ಟದ್ದು. ಕೇಳಿ ಹಚ್ಚಲು ಹೋದರೆ ಯಾರೂ ಒಪ್ಪುವುದಿಲ್ಲ ಅನ್ನುವುದೂ ಅವಳಿಗೆ ಗೊತ್ತು. ಆದ್ದರಿಂದ ತುಲುಮ್‌ನ ಹೋಟೆಲಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದಿದ್ದಾಳೆ. ಏಸಿಗೆ ಎಣ್ಣೆ ಗಟ್ಟಿಯಾಗಿದೆ. ಕಾಫಿ ಮೇಕರಿನಲ್ಲಿ ನೀರು ಕಾಯಿಸಿ, ಲೋಟಕ್ಕೆ ಬಗ್ಗಿಸಿ, ಅದರಲ್ಲಿ ಬಾಟಲಿ ನಿಲ್ಲಿಸಿ ಕರಗಿಸಿದ್ದಾಳೆ. ಆಮೇಲೆ ಕತ್ತಲಲ್ಲೇ ಒಬ್ಬೊಬ್ಬರ ಮಂಚದ ಹತ್ತಿರ ಹೋಗಿ, ಅಂಗೈಗೆ ಸುರಿದುಕೊಂಡು, ಮಲಗಿದ್ದವರ ನೆತ್ತಿಗೆ ಮೆಲ್ಲಗೆ ತಟ್ಟಿ ಬಂದಿದ್ದಾಳೆ. ಗಂಡನಿಗೆ, ಮೊಮ್ಮಗಳಿಗೆ, ಕೊನೆಗೆ ಅಳಿಯಂದಿರಿಗೂ. ನಾನೊಬ್ಬಳು ಪಾರಾದೆ. ಅವಳ ಹೊಟ್ಟೆಯಲ್ಲೇ ಹುಟ್ಟಿದವಳು ನಾನು, ಅಮ್ಮ ಜೊತೆಗಿರುವ ಪ್ರವಾಸದಲ್ಲಿ ತಲೆಗೆ ದುಪಟ್ಟಾ ಬಿಗಿದುಕೊಂಡೇ ಮಲಗುವುದು.

ಬೆಳಗ್ಗೆ ಹೊರಟೆವು. ಚುಕ್ಕಿ ಕೂದಲನ್ನು ಎತ್ತಿ ಗಂಟು ಹಾಕಿಕೊಂಡಿದ್ದಳು, ಟೋಪಿ ಬೇರೆ. ಸೆನೋಟೆಯ ಬಾಗಿಲಲ್ಲಿ ಬೋರ್ಡು: ಕ್ರೀಮು, ಎಣ್ಣೆ ನಿಷಿದ್ಧ, ಷವರ್ ಕಡ್ಡಾಯ. ಪಕ್ಕದಲ್ಲಿ ಅಮ್ಮನ ಓರಗೆಯ ಒಬ್ಬ ಕಾವಲುಗಾರ. ನಮ್ಮ ಕಾರ್ಯದರ್ಶಿ ಮುಂದೆ ಹೋಗಿ, ಶಾಲೆಯಲ್ಲಿ ಕಲಿತ ಸ್ಪ್ಯಾನಿಷಿನಲ್ಲಿ, ತನ್ನ ಕುಟುಂಬದ ಯಾರೊಬ್ಬರೂ ಏನೊಂದನ್ನೂ ಹಚ್ಚಿಕೊಂಡಿಲ್ಲ ಅಂತ ಘೋಷಿಸಿ, ಷವರ್ ಕೆಳಗೆ ನಿಂತು, ಟೋಪಿ ತೆಗೆದಳು.

ನೀರು ಅವಳ ತಲೆಯ ಮೇಲೆ ಬಿತ್ತು, ಮುತ್ತುಮುತ್ತಾಗಿ ಉರುಳಿಹೋಯಿತು. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಮುದುಕ ಹತ್ತಿರ ಬಂದ, ಮೂಗರಳಿಸಿದ, ಬಹಳ ದುಃಖದಿಂದ ತಲೆಯಾಡಿಸಿದ. "ಅಸೇಯ್ತೆ ದೆ ಕೋಕೊ" ಅಂದ. ಅನುವಾದ ಬೇಕಾಗಲಿಲ್ಲ, ಅಷ್ಟು ಹೊತ್ತಿಗೆ ನಮ್ಮೆಲ್ಲರ ಮೂಗಿಗೂ ಗೊತ್ತಾಗಿತ್ತು. ಚುಕ್ಕಿ ಕೈ ತಲೆಗೆ ಹೋಯಿತು, ಅಂಗೈ ನೋಡಿಕೊಂಡಳು, ನಿಧಾನಕ್ಕೆ ಅಜ್ಜಿಯ ಕಡೆ ತಿರುಗಿದಳು. ಆ ಮುಖವನ್ನು ಫೋಟೊ ತೆಗೆಯಲಿಲ್ಲ ಅನ್ನುವ ಸಂಕಟ ನನಗೆ ಸಾಯುವವರೆಗೂ ಇರುತ್ತದೆ.

"ಗಾಣದ್ದು ಕಣೇ, ತಿಪಟೂರಿಂದು. ಒಂದು ಚೂರೂ ಕೆಮಿಕಲ್ ಇಲ್ಲ" ಅಂದಳು ಅಮ್ಮ, ಆರೋಪ ಗುಣಮಟ್ಟದ ಬಗ್ಗೆ ಎಂಬಂತೆ.

"ಅಜ್ಜಿ! ಈ ಗವಿಗಳು ಎಲ್ಲಾ ಕನೆಕ್ಟೆಡ್! ಸಾಕ್ ಆಕ್ಟುನ್, ದೋಸ್ ಓಹೋಸ್, ಎರಡೂ ಒಂದೇ ಅಂತ 2018ರಲ್ಲಿ ಡೈವರ್ಸ್ ಕಂಡುಹಿಡಿದ್ರು. 347 ಕಿಲೋಮೀಟರ್!"

"ಅಂದ್ರೆ ಬೆಂಗಳೂರಿಂದ ಮಂಗಳೂರು. ಅಷ್ಟುದ್ದದ ನೀರಿಗೆ ನನ್ನ ಒಂದು ಚಮಚ ಎಣ್ಣೆ ಯಾವ ಲೆಕ್ಕ?"

ಇಲ್ಲಿ ಅಪ್ಪ ಸಮಾಧಾನ ಮಾಡಲು ಹೊರಟು ಇನ್ನಷ್ಟು ಕೆಡಿಸಿದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಸೆನೋಟೆಯ ನೀರು ಹತ್ತಿರ ಹತ್ತಿರ 25, ಆದ್ದರಿಂದ ಹೆಪ್ಪುಗಟ್ಟುವುದೋ ತೆಳ್ಳಗೆ ಹರಡುವುದೋ ಹೇಳಲಾಗದು, ಇಳಿಸಿಯೇ ನೋಡಬೇಕು ಅಂದರು. ಮೊಮ್ಮಗಳನ್ನು ಪ್ರಯೋಗಕ್ಕೆ ಒಡ್ಡುವ ಅವರ ಉತ್ಸಾಹ ಕಂಡು ಚುಕ್ಕಿಯ ಕಣ್ಣಲ್ಲಿ ನೀರೇ ಬಂತು.

ಗಂಡಸರ ಸಮಸ್ಯೆ ಬೇಗ ಬಗೆಹರಿಯಿತು. ನನ್ನವರ ನೆತ್ತಿ ಖಾಲಿ ಬಯಲು, ಟವೆಲಿನಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ಅಪ್ಪನದೂ ಹೆಚ್ಚುಕಡಿಮೆ ಹಾಗೇ. ಚುಕ್ಕಿಯ ಕೂದಲು ಸೊಂಟದವರೆಗೆ. ಷವರ್ ಕೆಳಗೆ ನಿಲ್ಲುವುದು, ಮುದುಕ ಮೂಸುವುದು, ತಲೆಯಾಡಿಸುವುದು, ಮತ್ತೆ ನಿಲ್ಲುವುದು. ಸೋಪು ಹಾಕೋಣ ಅಂದರೆ ಅದೂ ನಿಷಿದ್ಧ. ಹಿಂದೆ ಸಾಲು ಬೆಳೆಯುತ್ತಿತ್ತು. ಟಿಕೆಟ್ಟಿನ ದುಡ್ಡು ವಾಪಸಿಲ್ಲ ಅಂತ ನನ್ನವರು ಗೊಣಗುತ್ತಿದ್ದರು. ಆಗ ಅಮ್ಮ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದಳು.

ರಾಗಿ ಹುರಿಹಿಟ್ಟು.

ಅಮ್ಮ ಊರು ಬಿಟ್ಟು ಹೊರಟರೆ ಪಾಸ್‌ಪೋರ್ಟ್ ಮರೆತಾಳು, ಹುರಿಹಿಟ್ಟು ಮರೆಯಳು. "ಎಣ್ಣೆ ಹೀರೋಕೆ ಹಿಟ್ಟೇ ಸರಿ. ಸೀಗೆಕಾಯಿ ಇಲ್ಲದ ಕಡೆ ಕಡಲೆಹಿಟ್ಟು, ಅದೂ ಇಲ್ಲದ ಕಡೆ ಇದು" ಅಂದವಳೇ, ಮೊಮ್ಮಗಳನ್ನು ಕಲ್ಲಿನ ಮೇಲೆ ಕೂರಿಸಿ, ಮಂಡಿಗಳ ಮಧ್ಯೆ ಹಿಡಿದು, ಮುಷ್ಟಿಗಟ್ಟಲೆ ಹಿಟ್ಟು ಸುರಿದು ತಿಕ್ಕತೊಡಗಿದಳು. ಪುಣ್ಯಕ್ಕೆ ಬೆಲ್ಲ ಬೆರೆಸಿರಲಿಲ್ಲ. ಜರ್ಮನಿಯವರಿದ್ದರು, ಕೆನಡಾದವರಿದ್ದರು, ಒಬ್ಬಾಕೆ ಇದು ಸ್ಪಾ ಇರಬೇಕೆಂದು ದರ ವಿಚಾರಿಸಿದಳು. ಚುಕ್ಕಿ ಕಣ್ಣು ಮುಚ್ಚಿಕೊಂಡು "ಇಟ್ಸ್ ನಾಟ್ ಫನ್ನಿ, ಅಮ್ಮಾ, ಇಟ್ಸ್ ನಾಟ್ ಫನ್ನಿ" ಅನ್ನುತ್ತಿದ್ದಳು, ಒಂದೊಂದು ಮಾತಿಗೂ ಬಾಯಿಂದ ಹಿಟ್ಟು ಹಾರುತ್ತಿತ್ತು. ತಿಕ್ಕಿ ಮುಗಿಯುವ ಹೊತ್ತಿಗೆ ಅವಳು ಹಳೇ ಗುಡಿಯ ಹೊರಗೋಡೆಯ ಶಿಲಾಬಾಲಿಕೆ ಹಾಗೆ ಬೂದುಬಣ್ಣಕ್ಕೆ ತಿರುಗಿ ಕೂತಿದ್ದಳು. ಮುದುಕ ಬಂದು ಪೊಟ್ಟಣಕ್ಕೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ. ಮುಖ ಅರಳಿತು. "ಪಿನೋಲೆ!" ಅಂದ. ಅವರಲ್ಲಿ ಮೆಕ್ಕೆಜೋಳ ಹುರಿದು ಬೀಸಿ ಮಾಡುವ ಹಿಟ್ಟಂತೆ. ಅಮ್ಮ "ಹ್ಞೂಂ, ಹುರಿಹಿಟ್ಟು" ಅಂದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರು ಮುದುಕರು ನನ್ನ ಮಗಳ ತಲೆಯ ಮೇಲೆ ಪಾಕವಿಧಾನ ವಿನಿಮಯ ಮಾಡಿಕೊಂಡರು.

ತೊಳೆದ ಮೇಲೆ ಕೂದಲು ಹಗುರಾಗಿ ಹಾರಿತು. ಪಾಸು.

ಹಿಂದಿನ ದಿನ ಚಿಚೆನ್ ಇಟ್ಜಾದಲ್ಲಿ ಗೈಡ್ ಹೇಳಿದ್ದನ್ನು ನಾನು ಅಮ್ಮನಿಗೆ ಆಗಲೇ ನೆನಪಿಸಿದೆ. ಮಾಯಾ ಜನ ಮಳೆಯ ಪೂಜೆಗೆ ಗವಿಯ ಆಳದಲ್ಲಿ ಯಾರೂ ಮುಟ್ಟದ ನೀರನ್ನೇ ಹುಡುಕಿ ತರುತ್ತಿದ್ದರು ಅಂತ. ಅಮ್ಮ ನನ್ನನ್ನೇ ಗದರಿದಳು: "ಮಡಿ ನೀರು ಅಂತ ಮೊದಲೇ ಹೇಳೋಕೇನಾಗಿತ್ತು? ಪರಿಸರ, ಕೆಮಿಕಲ್ ಅಂತ ಏನೇನೋ ಅಂದ್ರೆ ನನಗೆ ಹ್ಯಾಗೆ ತಿಳಿಯುತ್ತೆ?" ಅಲ್ಲಿಂದ ಅವಳು ಸರ್ಕಾರದ ಪಕ್ಷ ಸೇರಿದಳು. ಮುದುಕನ ಪಕ್ಕ ನಿಂತು ಬಂದವರ ಕುತ್ತಿಗೆ, ತೋಳು ಪರೀಕ್ಷಿಸತೊಡಗಿದಳು. ಸನ್‌ಸ್ಕ್ರೀನ್ ಮೆತ್ತಿಕೊಂಡ ಆರಡಿ ಆಳೊಬ್ಬನನ್ನು "ಏಯ್, ಹೋಗು, ಇನ್ನೊಂದ್ಸಲ" ಅಂತ ಅಚ್ಚ ಕನ್ನಡದಲ್ಲಿ ಷವರಿಗೆ ಅಟ್ಟಿದಳು. ಅವನು ಹೋದ.

ಒಳಗೆ ಮರದ ಮೆಟ್ಟಿಲಿಳಿದರೆ ನೀಲಿ ನೀರು, ತಳದ ಕಲ್ಲು ಎಣಿಸಬಹುದು. ಚಾವಣಿಯಿಂದ ಸುಣ್ಣದ ಕೊಳವೆಗಳು ಇಳಿಬಿದ್ದಿವೆ, ನೀರಿನೊಳಗೂ ಇವೆ. ನೀರೊಳಗೆ ಹನಿ ತೊಟ್ಟಿಕ್ಕುವುದು ಸಾಧ್ಯವಿಲ್ಲ, ಅಂದರೆ ಹಿಮಯುಗದಲ್ಲಿ ಸಮುದ್ರ ತಗ್ಗಿದ್ದಾಗ ಈ ಗವಿಗಳೆಲ್ಲ ಒಣಗಿದ್ದವು ಅಂತ ಅಪ್ಪ ಬಾವಲಿಗಳಿಗೆ ವಿವರಿಸಿದರು, ನಾವ್ಯಾರೂ ಕೇಳುತ್ತಿರಲಿಲ್ಲ. ಅಪ್ಪನ ನೌಕರಿಯೆಲ್ಲ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಪಾಯಿಂಟ್ ಗುರುತು ಮಾಡುವುದರಲ್ಲೇ ಕಳೆಯಿತು. ಸಾವಿರ ಅಡಿ ದಾಟಿದರೂ ಧೂಳು ಹಾರುವ ಗಟ್ಟಿ ಬಂಡೆಯ ಸೀಮೆ. ಇಲ್ಲಿ ನೋಡಿದರೆ ಯುಕಟಾನಿನ ಉತ್ತರಕ್ಕೆ ನೆಲದ ಮೇಲೆ ಒಂದು ಹೊಳೆಯಿಲ್ಲ, ನೀರೆಲ್ಲ ಕಾಲ ಕೆಳಗೆ ತಣ್ಣಗೆ ಕೂತಿದೆ. ಅಪ್ಪನಿಗೆ ಇದು ವೈಯಕ್ತಿಕ ಅವಮಾನ. ಅಮ್ಮ ಬೇರೆ, "ನಿಮ್ಮನ್ನ ಇಲ್ಲಿಗೆ ಟ್ರಾನ್ಸ್‌ಫರ್ ಮಾಡಿದ್ದಿದ್ರೆ ಒಂದು ಪಾಯಿಂಟೂ ಫೇಲ್ ಆಗ್ತಿರಲಿಲ್ಲ ಬಿಡಿ" ಅಂದಳು. ಸೇಡಿಗೆ ಅಪ್ಪ ಡೈನೋಸಾರ್ ಎತ್ತಿಕೊಂಡರು. 6.6 ಕೋಟಿ ವರ್ಷದ ಹಿಂದೆ ಇಲ್ಲೇ ಚಿಕ್ಸುಲುಬ್‌ನಲ್ಲಿ ಕ್ಷುದ್ರಗ್ರಹ ಅಪ್ಪಳಿಸಿತು, ಆ ಕುಳಿಯ ಅಂಚಿನುದ್ದಕ್ಕೂ ಮೆರಿಡಾದ ಸುತ್ತ ಸೆನೋಟೆಗಳ ಬಳೆಯೇ ಇದೆ, ಎಲ್ಲ ಸರಿ. ಆದರೆ ಅದೇ ಕಾಲದ ಆಸುಪಾಸಿನಲ್ಲಿ ನಮ್ಮ ಬೆಳಗಾವಿ, ವಿಜಯಪುರದ ಕಡೆಯೆಲ್ಲ ಲಾವಾ ಹರಿಯುತ್ತಿತ್ತು, ಡೈನೋಸಾರ್ ಕೊಂದ ಕೀರ್ತಿ ಪೂರ್ತಿ ಇವರಿಗೇ ಕೊಡುವುದು ತಪ್ಪು ಅಂತ ವಾದ.

ಅಮ್ಮ ನನ್ನ ಚೂಡಿದಾರದ ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡು ಕೊನೆಯ ಮೆಟ್ಟಿಲಲ್ಲಿ ಕೂತಳು. ಸಪ್ತನದಿಗಳನ್ನೂ ಮೆಕ್ಸಿಕೊಗೆ ಕರೆಸಿಕೊಂಡು ತಲೆಗೆ ಪ್ರೋಕ್ಷಣೆ ಮಾಡಿಕೊಂಡಳು. ಗಂಗೆಗೆ ಅಂತ ತಂದ ಒಂದು ಬಾಳೆಹಣ್ಣನ್ನು ಚುಕ್ಕಿ ಕಸಿದುಕೊಂಡಳು. "ಚಿಚೆನ್ ಇಟ್ಜಾದ ಬಾವಿಗೆ ಚಿನ್ನ, ಜೇಡ್ ಕಲ್ಲು, ಕೊನೆಗೆ ಮನುಷ್ಯರನ್ನೇ ಹಾಕಿದ ಊರಿನಲ್ಲಿ ನನ್ನ ಒಂದು ಬಾಳೆಹಣ್ಣು ಹೆಚ್ಚಾಯ್ತೇ?" ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಚುಕ್ಕಿಯೇ ಆಮೇಲೆ ನಾಯಾಳ ಕಥೆ ತೆಗೆದಳು. ಅಜ್ಜಿಯನ್ನು ಹೆದರಿಸುವ ಉದ್ದೇಶವಿತ್ತೋ ಏನೋ. 2007ರಲ್ಲಿ ಇದೇ ಗವಿಗಳ ಸೀಮೆಯ ಓಯೊ ನೆಗ್ರೊ ಎಂಬ ಕಪ್ಪುಗುಂಡಿಯಲ್ಲಿ ಡೈವರುಗಳಿಗೆ ಒಂದು ಹುಡುಗಿಯ ಅಸ್ಥಿ ಸಿಕ್ಕಿತು. ಹನ್ನೆರಡು ಸಾವಿರ ವರ್ಷಕ್ಕೂ ಹಿಂದಿನವಳು, ಹದಿನೈದು-ಹದಿನಾರರ ಪ್ರಾಯ, ಒಣಗವಿಯ ಕತ್ತಲಲ್ಲಿ ಜಾರಿ ಬಿದ್ದಿದ್ದಳು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀರಿಗೆ ಹೋಗಿರ್ತಾಳೆ" ಅಂದಳು. "ಮನೇಲಿ ಆ ವಯಸ್ಸಿನವರನ್ನೇ ಅಟ್ಟೋದು. ಬೇಸಿಗೇಲಿ ನಮ್ಮ ಬಾವಿ ತಳ ಕಂಡಾಗ ನಾನೂ ಕತ್ತಲಲ್ಲೇ ಇಳೀತಿದ್ದೆ. ಮೇಲೆ ನಮ್ಮಜ್ಜಿ ಲಾಟೀನು ಹಿಡ್ಕೊಂಡು ನನ್ನ ಹೆಸರು ಕೂಗ್ತಾನೇ ಇರೋರು, ನಾನು ಮೇಲೆ ಹತ್ತಿ ಬರೋ ತನಕ. ಪಾಪ, ಈ ಮಗೂಗೆ ಯಾರೂ ಇರಲಿಲ್ಲ."

ಚುಕ್ಕಿ ಏನೂ ಅನ್ನಲಿಲ್ಲ. ಗವಿಯ ಕತ್ತಲ ಮೂಲೆಗೆ ಈಜಿ ಹೋಗುವಾಗ ಮಾತ್ರ ಹಿಂದೆ ತಿರುಗಿ "ಅಜ್ಜಿ, ಕೂಗು" ಅಂದಳು. ಅಮ್ಮ ಕೂಗಿದಳು. ಗವಿ ಅಷ್ಟೂ ಮಾರ್ದನಿಸಿತು, ಬಾವಲಿಗಳು ಎದ್ದವು, ನನ್ನವರು ಲೈಫ್ ಜಾಕೆಟ್ ಸಮೇತ ಮುಳುಗಲು ಪ್ರಯತ್ನಿಸಿದರು.

ಇಷ್ಟಾದ ಮೇಲೆ ಜಗಳ ಮುಗಿಯಬೇಕಿತ್ತು. ಮುಗಿಯುತ್ತಿತ್ತು ಕೂಡ. ಆದರೆ ಷವರ್ ಪಕ್ಕದ ಹಿಟ್ಟಿನ ಅಭಿಷೇಕವನ್ನು ಅಪ್ಪ ಆಗಲೇ ವಿಡಿಯೊ ಮಾಡಿ ತಿಪಟೂರಿನ ಬಳಗದ ವಾಟ್ಸ್ಯಾಪಿಗೆ ಹಾಕಿದ್ದರು. ಅದು ಯಾವ ದಾರಿಯಲ್ಲಿ ಸುತ್ತಿ ಬಂತೋ, ಚುಕ್ಕಿಯ ಶಾಲೆಯ ಪರಿಸರ ಕ್ಲಬ್ಬನ್ನೂ ತಲುಪಿತು. ಈಗ ಅವಳ ಕೋಣೆಯ ಬಾಗಿಲಿಗೆ ಬೋರ್ಡು ಬಿದ್ದಿದೆ: ಎಣ್ಣೆ, ಹಿಟ್ಟು, ತಾತ ನಿಷಿದ್ಧ. ಅಮ್ಮನ ಹೆಸರು ಅದರಲ್ಲಿಲ್ಲ, ಅದನ್ನು ಅಮ್ಮ ನನಗೆ ಹಲವು ಸಲ ತೋರಿಸಿದ್ದಾಳೆ. ಆದರೂ ತಾನಾಗಿ ಮೊದಲು ಮಾತಾಡಲು ಇಬ್ಬರೂ ತಯಾರಿಲ್ಲ.

ನಿನ್ನೆ ಹೋಟೆಲಿನಿಂದ ಬಿಲ್ಲು ಬಂತು. ಮೂರು ತಲೆದಿಂಬಿನ ಕವರುಗಳ ಎಣ್ಣೆಕಲೆಗೆ ನನ್ನವರ ಕಾರ್ಡಿನಿಂದ 60 ಡಾಲರ್ ಹಿಡಿದಿದ್ದಾರೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ, ದುಡ್ಡು ಕೊಟ್ಟ ಮೇಲೆ ಕವರು ನಮ್ಮವೇ ತಾನೇ, ಕಳಿಸೋಕೆ ಹೇಳು ಅನ್ನುತ್ತಾಳೆ. ದಯವಿಟ್ಟು ಯಾರೂ ಬಾಯಿ ಬಿಡಬೇಡಿ.